ಧಾಟಿ ಉಳೀತು, ಮಾತು ಎಲ್ಲಿ ಹೋತು?



ಈ ಪುಟದಲ್ಲಿ ಸಾಮಾನ್ಯವಾಗಿ ಕನ್ನಡ ಶಾಲೆ, ಖಾಲಿ ಬಿದ್ದ ಶಿಕ್ಷಕರ ಹುದ್ದೆ, ನಾಮಫಲಕ, ಅರ್ಜಿ, ಮನವಿ ಇವುಗಳ ಮಾತೇ ಇರುತ್ತದೆ. ಇವತ್ತು ಐರ್ಲೆಂಡಿನ ಒಂದು ಹಳೆಯ ಗ್ರಾಮಫೋನ್ ತಟ್ಟೆಯ ಬಗ್ಗೆ ಬರೆಯುತ್ತಿದ್ದೇವೆ. ಇದಕ್ಕೂ ನಮಗೂ ಏನು ಸಂಬಂಧ ಅಂತ ಕೇಳಬ್ಯಾಡ್ರಿ, ಸಂಬಂಧ ಹಚ್ಚಿದ್ದು ನಾವಲ್ಲ, ನಮ್ಮ ಗುಂಪಿನ ಗೆಳೆಯನೊಬ್ಬ.

ಆದದ್ದು ಇಷ್ಟು. ಅಕ್ಕಲಕೋಟೆ ಕಡೆಯ ನಮ್ಮೂರಿನಲ್ಲಿ, ಗುಡಿಯ ಪೌಳಿಯೊಳಗೆ, ಭಾನುವಾರ ಮುಂಜಾನೆ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುತ್ತೇವೆ. ಹದಿನಾಲ್ಕು ಮಕ್ಕಳಿಂದ ಶುರುವಾದದ್ದು ಈಗ ಮೂರಕ್ಕೆ ಬಂದು ನಿಂತಿದೆ. ಅದೇ ಪೌಳಿಯಲ್ಲಿ ಸೋಮವಾರ ರಾತ್ರಿ ಭಜನಿ ಕೂಡಿದರೆ ಮೂವತ್ತು ಹುಡುಗರು ಸೇರುತ್ತಾರೆ. ಗೆಳೆಯ ಅಂದ: "ಅಕ್ಷರ ಬಿಡ್ರಿ, ಚಾಲ್ ಹಿಡೀರಿ. ಆ ರೊಕ್ಕದಾಗ ಒಂದು ಕೀಬೋರ್ಡ್, ಎರಡು ಢೋಲಕಿ ತಗೊಳ್ಳೂಣು. ಪದದ ಅರ್ಥ ಗೊತ್ತಾಗಲಿಲ್ಲ ಅಂದ್ರೂ ಚಾಲ್ ಉಳಿತೈತಿ. ಚಾಲ್ ಉಳಿದ್ರ ನಾವು ಉಳಿದಂಗ." ಚಾಲ್ ಅಂದರೆ ಧಾಟಿ, ನಮ್ಮ ಕಡೆ ಹಾಗೇ ಅನ್ನುತ್ತೇವೆ. ನಾವು ಒಪ್ಪಲಿಲ್ಲ. ಅವನು ಬಿಡಲಿಲ್ಲ. "ಐರ್ಲೆಂಡ್ ನೋಡ್ರಿ, ಭಾಷಾ ಹೋದ್ರೂ ಸಂಗೀತ ಜಗತ್ತಿನ ತುಂಬ ಐತಿ" ಅಂತ ಹೇಳಿ ಫೋನಿಗೆ ಒಂದು ಆಲ್ಬಮ್ ಕಳಿಸಿದ. ಕೇಳಿ ಆಮೇಲೆ ಮಾತಾಡ್ರಿ ಅಂದ.

ಕೇಳಿದೆವು. ಈಗ ಮಾತಾಡುತ್ತಿದ್ದೇವೆ.

ಆಲ್ಬಮ್ಮಿನ ಹೆಸರು 'ದಿ ಸ್ಟಾರ್ ಅಬವ್ ದಿ ಗಾರ್ಟರ್'. 1969ರಲ್ಲಿ ಕ್ಲಾಡಾ ರೆಕಾರ್ಡ್ಸ್ ಹೊರತಂದದ್ದು. ಇರುವುದು ಪಿಟೀಲು, ಅಷ್ಟೇ. ನುಡಿಸಿದವರು ಕೆರಿ ಜಿಲ್ಲೆಯ ಅಣ್ಣ ತಂಗಿ, ಡೆನಿಸ್ ಮರ್ಫಿ ಮತ್ತು ಜೂಲಿಯಾ ಕ್ಲಿಫರ್ಡ್. ಅಣ್ಣ ಹುಟ್ಟಿದ್ದು 1910ರಲ್ಲಿ, ತಂಗಿ 1914ರಲ್ಲಿ. ಅವರ ಮನೆತನವನ್ನು ಊರವರು ಕರೆಯುತ್ತಿದ್ದದ್ದು 'ನೇಕಾರರು' ಅಂತ. ಸೊಲ್ಲಾಪುರದ ಕಡೆಯವರಾದ ನಮಗೆ ಅಲ್ಲಿಗೇ ಅವರು ಅರ್ಧ ನೆಂಟರಾದರು.

ಸಂಜೆ ಕೌಂಟರಿನ ಕ್ಯಾಶ್ ತಾಳೆ ಮಾಡಿ, ಬಸ್ಸು ಹತ್ತಿ, ಕಿವಿಗೆ ಸಿಕ್ಕಿಸಿಕೊಂಡು ಕೇಳಿದಾಗ ಮೊದಲ ಸಲ ಏನೂ ತಿಳಿಯಲಿಲ್ಲ. ಎಲ್ಲಾ ಒಂದೇ ಅನ್ನಿಸಿತು. ಎರಡು ಮೂರು ನಿಮಿಷ ಗಿರಿಗಿರಿ ಓಡುತ್ತದೆ, ನಿಲ್ಲುತ್ತದೆ, ಮತ್ತೊಂದು ಶುರುವಾಗುತ್ತದೆ. ಸಿನಿಮಾ ಹಾಡಿನ ಹಾಗೆ ನಡುವೆ ದೊಡ್ಡ ತಿರುವು ಇಲ್ಲ, ಕೊನೆಗೆ ಅಬ್ಬರವೂ ಇಲ್ಲ. ನಾಲ್ಕೈದು ದಿನ ಕೇಳಿದ ಮೇಲೆ ಕಟ್ಟು ಹಿಡಿಯಿತು. ಒಂದೊಂದು ಧಾಟಿಗೂ ಎರಡು ಭಾಗ. ಮೊದಲ ಭಾಗ ಎರಡು ಸಲ, ಎರಡನೇ ಭಾಗ ಎರಡು ಸಲ, ತಿರುಗಿ ಮೊದಲಿಗೆ. ನಮ್ಮ ಪದದಲ್ಲಿ ಪಲ್ಲ ಹಿಡಿದು ನುಡಿ ಹೇಳಿ ತಿರುಗಿ ಪಲ್ಲಕ್ಕೆ ಬರುತ್ತೇವಲ್ಲ, ಹಾಗೆ. ಎರಡು ಮೂರು ಧಾಟಿಗಳನ್ನು ಒಂದರ ಬಾಲಕ್ಕೆ ಇನ್ನೊಂದು ಕಟ್ಟಿ ಒಂದು ಸರ ಮಾಡುತ್ತಾರೆ. ಒಂದು ಧಾಟಿಯಿಂದ ಇನ್ನೊಂದಕ್ಕೆ ಜಾರುವ ಆ ಒಂದು ಕ್ಷಣ ಇದೆಯಲ್ಲ, ಅದಕ್ಕೆ ಬಸ್ಸಿನಲ್ಲಿ ಕೂತವರ ಕಾಲೂ ತಾನಾಗಿ ಕುಣಿಯುತ್ತದೆ.

ಕುಣಿಯಲೇಬೇಕು. ಇದು ಕೂತು ಕೇಳಲು ಮಾಡಿದ ಸಂಗೀತವೇ ಅಲ್ಲ. ಪೋಲ್ಕಾ, ಸ್ಲೈಡ್ ಎಂಬ ಈ ಮಟ್ಟುಗಳು ಅಡುಗೆಮನೆಯ ನೆಲದ ಮೇಲೆ ನಾಲ್ಕು ಜೋಡಿ ಚೌಕವಾಗಿ ನಿಂತು ಕುಣಿಯುವುದಕ್ಕೆ ಇದ್ದವು. ಆಲ್ಬಮ್ಮಿನ ಹೆಸರೂ ಒಂದು ಸ್ಲೈಡಿನ ಹೆಸರೇ. ಇನ್ನೊಂದು ಮಾತು, ಪೋಲ್ಕಾ ಐರ್ಲೆಂಡಿನದಲ್ಲ, ಹತ್ತೊಂಬತ್ತನೇ ಶತಮಾನದಲ್ಲಿ ಬೊಹಿಮಿಯಾ ಕಡೆಯಿಂದ ಯುರೋಪೆಲ್ಲ ಸುತ್ತಿ ಬಂದದ್ದು. ಪಿಟೀಲೂ ಹೊರಗಿನದೇ. ಆದರೂ ಈಗ ಅದನ್ನು ಕೇಳಿದವರು ಯಾರೂ ಬೊಹಿಮಿಯಾದ್ದು ಅನ್ನುವುದಿಲ್ಲ, ಕೆರಿಯದು ಅಂತಲೇ ಗುರುತಿಸುತ್ತಾರೆ. ಮರಾಠಿ ಅಭಂಗದ ಚಾಲಿಗೆ ಕನ್ನಡ ಪದ ಕೂಡಿಸಿ ಹಾಡುವ ನಮ್ಮ ಭಜನಿ ಹುಡುಗರನ್ನು ನೋಡಿ ಮೂಗು ಮುರಿಯುವ ಕೆಲವು ಹಿರಿಯರು ನಮ್ಮಲ್ಲಿದ್ದಾರೆ. ಅವರಿಗೂ ಈ ಆಲ್ಬಮ್ ಕೇಳಿಸಬೇಕು ಅನ್ನಿಸಿತು. ಆಚೆಯಿಂದ ತಗೊಂಡದ್ದಕ್ಕೆ ಯಾರೂ ಸಾಯುವುದಿಲ್ಲ.

ಎರಡು ಪಿಟೀಲೂ ಕೂಡಿ ನುಡಿಸುವಾಗ ಒಂದು ಕೆಲವೊಮ್ಮೆ ಕೆಳಗಿನ ಸ್ಥಾಯಿಗೆ ಇಳಿಯುತ್ತದೆ. ಧಾಟಿ ಒಂದೇ, ಮೇಲೊಬ್ಬರು, ಕೆಳಗೊಬ್ಬರು. ಬಿಲ್ಲು ಪಕ್ಕದ ಖಾಲಿ ತಂತಿಯನ್ನೂ ಸವರಿಕೊಂಡು ಹೋಗುವುದರಿಂದ ಏಕತಾರಿಯ ಶ್ರುತಿಯಂಥ ಒಂದು ಗುಂಯ್ ಹಿಂದೆ ನಿಂತಿರುತ್ತದೆ. ಒಂದೇ ಮನೆಯಲ್ಲಿ ಬೆಳೆದವರ ನುಡಿಸಾಣಿಕೆ ಅಂತ ಹೇಳದೇನೇ ತಿಳಿಯುತ್ತದೆ. ಆದರೆ ಅವರು ಒಂದೇ ಮನೆಯಲ್ಲಿ ಉಳಿದವರಲ್ಲ. ತಂಗಿ ಇಂಗ್ಲೆಂಡಿಗೆ ಹೋದರು, ಅಲ್ಲೇ ಸಂಸಾರ ಮಾಡಿದರು. ಅಣ್ಣ ಅಮೆರಿಕಕ್ಕೆ ಹೋಗಿ ದುಡಿದು 1960ರ ದಶಕದಲ್ಲಿ ಊರಿಗೆ ಮರಳಿದರು. ಪುಣೆ, ಮುಂಬೈ, ಹೈದರಾಬಾದು ಅಂತ ದುಡಿಯಲು ಹೋದ ನಮ್ಮವರು ಜಾತ್ರೆಗೆ ಬಂದಾಗ ಒಂದು ರಾತ್ರಿ ಕೂತು ಹಾಡುತ್ತಾರಲ್ಲ, ಆ ಬಿಸಿ ಈ ಆಲ್ಬಮ್ಮಿನಲ್ಲಿದೆ.

ಇಲ್ಲಿವರೆಗೆ ಗೆಳೆಯನೇ ಗೆದ್ದ ಅನ್ನಿ.

ಇಂಥ ಪಿಟೀಲುಗಾರರ ಹತ್ತಿರ ಇನ್ನೊಂದು ಬಗೆಯೂ ಇರುತ್ತದೆ. ನಿಧಾನದ್ದು. ತಾಳ ಇಲ್ಲ, ಕುಣಿತ ಇಲ್ಲ. ಇದನ್ನು ಅವರು 'ಸ್ಲೋ ಏರ್' ಅನ್ನುತ್ತಾರೆ. ಇದು ಮೂಲದಲ್ಲಿ ಬಹುಮಟ್ಟಿಗೆ ಐರಿಶ್ ಭಾಷೆಯ ಹಾಡಿನ ಧಾಟಿ, ಮಾತು ಬಿಟ್ಟು ಬರೀ ವಾದ್ಯದಲ್ಲಿ ನುಡಿಸುವುದು. ಅಲ್ಲಿನ ಹಳಬರ ಮಾತೊಂದಿದೆ: ಆ ಹಾಡಿನ ಮಾತು ಗೊತ್ತಿಲ್ಲದವನು ಅದನ್ನು ಸರಿಯಾಗಿ ನುಡಿಸಲಾರ. ಯಾವ ಅಕ್ಷರ ಎಳೆಯಬೇಕು, ಉಸಿರು ಎಲ್ಲಿ ನಿಲ್ಲಬೇಕು, ಇದನ್ನು ಹೇಳಿಕೊಡುವುದು ತಾಳವಲ್ಲ, ಮಾತು. ಅಂದರೆ ಬರೀ ಪಿಟೀಲು ಕೇಳುತ್ತಿದ್ದೇವೆ ಅಂದುಕೊಂಡ ಹೊತ್ತಿನಲ್ಲೂ ನಾವು ಕೇಳುತ್ತಿರುವುದು ಒಂದು ಭಾಷೆಯ ಉಸಿರಾಟದ ಅಳತೆ. ಅಂಗಿ ಇದೆ, ತೊಟ್ಟವರು ಇಲ್ಲ.

ಇದು ತಿಳಿದ ಮೇಲೆ ನಾವು ಆ ಸೀಮೆಯ ಬಗ್ಗೆ ಓದತೊಡಗಿದೆವು.

ಡೆನಿಸ್, ಜೂಲಿಯಾ ಹುಟ್ಟಿದ ಸೀಮೆಗೆ ಸ್ಲೀವ್ ಲೂಖ್ರ ಅಂತ ಹೆಸರು. ಜೊಂಡು ಹುಲ್ಲಿನ ಬೆಟ್ಟ ಅಂತ ಅರ್ಥ. ಕೆರಿ ಮತ್ತು ಕಾರ್ಕ್ ಜಿಲ್ಲೆಗಳ ಗಡಿಯ ಮೇಲೆ ಬಿದ್ದಿರುವ ನೀರು ನಿಲ್ಲುವ ಬಡನೆಲ, ಲಿಮರಿಕ್ ಜಿಲ್ಲೆಯೂ ಪಕ್ಕದಲ್ಲೇ. ಆಡಳಿತದ ನಕಾಶೆಯಲ್ಲಿ ಇದಕ್ಕೆ ಗೆರೆ ಇಲ್ಲ. ಗಡಿ ತಾಲೂಕಿನವರಾದ ನಮಗೆ ಇಂಥ ಊರು ಹೇಗಿರುತ್ತದೆ ಅಂತ ಯಾರೂ ವಿವರಿಸಬೇಕಾಗಿಲ್ಲ.

ಈ ಬಡನೆಲದಲ್ಲೇ ಐರಿಶ್ ಭಾಷೆಯ ಇಬ್ಬರು ದೊಡ್ಡ ಕವಿಗಳು ಹುಟ್ಟಿದರು. ಹದಿನೇಳನೇ ಶತಮಾನದ ಕೊನೆಯಿಂದ ಹದಿನೆಂಟನೇ ಶತಮಾನದ ಮೊದಲ ಭಾಗದವರೆಗೆ ಬಾಳಿದ ಈಗನ್ ಓ ರಾಹಿಲಿ ಒಬ್ಬರು. 1748ರಲ್ಲಿ ಹುಟ್ಟಿದ ಓವನ್ ರೂವಾ ಓ ಸುಲಿವಾನ್ ಇನ್ನೊಬ್ಬರು. ಇಬ್ಬರೂ ನೀವ್‌ಗಿಲ್ಲಾ ಎಂಬ ಊರಿನ ಸುತ್ತಿನವರು. ಪಿಟೀಲಿನ ಅಣ್ಣ ತಂಗಿಯರ ಮನೆ ಇದ್ದದ್ದೂ ಅದೇ ಸುತ್ತಿನಲ್ಲಿ. ಓವನ್ ರೂವಾ ಕೂಲಿಗೆ ಹೋದವನು, ಊರ ಮಕ್ಕಳಿಗೆ ಪಾಠ ಹೇಳಿದವನು, ಬ್ರಿಟಿಷರ ನೌಕಾಪಡೆಯಲ್ಲಿ ದುಡಿದವನು, ಮೂವತ್ತು ದಾಟಿ ಕೆಲವೇ ವರ್ಷಕ್ಕೆ ತೀರಿಕೊಂಡವನು. ಜನರ ಬಾಯಲ್ಲಿದ್ದ ಧಾಟಿಗಳಿಗೇ ಅವನು ಪದ ಕಟ್ಟಿದ. ಓದು ಬರಹ ಬಾರದವರೂ ಅವನ್ನು ಹಾಡಿದರು. ನಮ್ಮ ತತ್ವಪದಕಾರರು ಮಾಡಿದ್ದೂ ಇದನ್ನೇ.

ಡೆನಿಸ್, ಜೂಲಿಯಾ ಬೆಳೆಯುವ ಹೊತ್ತಿಗೆ ಆ ಸೀಮೆಯ ದಿನಬಳಕೆಯ ಮಾತು ಇಂಗ್ಲಿಷ್ ಆಗಿತ್ತು. ಆ ಕವಿಗಳ ಊರಿನಲ್ಲೇ ಆ ಕವಿಗಳ ಮಾತು ಮನೆ ಬಿಟ್ಟು ಹೋಗಿತ್ತು. ಆ ಸೀಮೆಯ ಪಿಟೀಲುಗಾರರು ಇವತ್ತಿಗೂ ನುಡಿಸುವ ಒಂದು ನಿಧಾನದ ಧಾಟಿಗೆ 'ಓ ರಾಹಿಲಿಯ ಗೋರಿ' ಅಂತ ಹೆಸರು. ಕವಿಯ ಗೋರಿಯ ಮೇಲೆ ಪಿಟೀಲು ಇದೆ, ಕವಿತೆ ಇಲ್ಲ. ನಮ್ಮ ಗೆಳೆಯ ಇದನ್ನು ಗೆಲುವು ಅಂತ ಲೆಕ್ಕ ಹಾಕಿದ್ದ. ನಮಗೆ ಹಾಗೆ ಲೆಕ್ಕ ಹಾಕಲು ಕೈ ಏಳಲಿಲ್ಲ.

ಮಾತು ಹೋದದ್ದು ಹೇಗೆ? ಒಂದೇ ಕಾರಣ ಹೇಳುವವರನ್ನು ನಂಬಬ್ಯಾಡ್ರಿ. 1831ರಿಂದ ಸರಕಾರಿ ಶಾಲೆಗಳು ಬಂದವು, ಅಲ್ಲಿ ಇಂಗ್ಲಿಷ್ ಮಾತ್ರ. 1845ರಿಂದ ಆಲೂಗಡ್ಡೆಗೆ ರೋಗ ಬಿದ್ದು ಮಹಾ ಬರಗಾಲ. ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಸತ್ತವರಲ್ಲಿ, ಹೋದವರಲ್ಲಿ ಹೆಚ್ಚಿನವರು ಬಡವರು, ಐರಿಶ್ ಆಡುತ್ತಿದ್ದವರೂ ಅವರೇ. 1851ರ ಜನಗಣತಿಯಲ್ಲಿ ಐರಿಶ್ ಬಲ್ಲವರು ಸುಮಾರು 15 ಲಕ್ಷ, 1891ರಲ್ಲಿ 7 ಲಕ್ಷಕ್ಕಿಂತ ಕಡಿಮೆ. ಇವೆಲ್ಲ ಮೇಲಿನಿಂದ ಬಿದ್ದ ಏಟು. ಆದರೆ ನಮ್ಮನ್ನು ಚುಚ್ಚಿದ್ದು ಇನ್ನೊಂದು. ಮಗುವಿನ ಕೊರಳಿಗೆ ಒಂದು ಕಡ್ಡಿ ಕಟ್ಟುತ್ತಿದ್ದರಂತೆ. ಐರಿಶ್ ಮಾತಾಡಿದಾಗಲೆಲ್ಲ ಕಡ್ಡಿಗೆ ಒಂದು ಗಚ್ಚು ಕೊರೆಯುವುದು, ಸಂಜೆಗೆ ಗಚ್ಚು ಎಣಿಸಿ ಅಷ್ಟು ಏಟು. ಕೆಲವು ಕಡೆ ಮೇಷ್ಟ್ರ ಜತೆಗೆ ತಾಯಿ ತಂದೆಯೂ ಗಚ್ಚು ಹಾಕುತ್ತಿದ್ದರು. ಅವರು ಮಕ್ಕಳ ವೈರಿಗಳಲ್ಲ. ಮಗ ನಾಳೆ ಹಡಗು ಹತ್ತಬೇಕು, ಇಂಗ್ಲಿಷ್ ಇಲ್ಲದೆ ಅಲ್ಲಿ ಅನ್ನ ಇಲ್ಲ, ಅಷ್ಟೇ ಅವರ ಲೆಕ್ಕ.

ನಮ್ಮಲ್ಲಿ ಕಡ್ಡಿ ಇಲ್ಲ. "ಮನ್ಯಾಗ ಕನ್ನಡ ಮಾತಾಡಿದ್ರ ಸಾಲ್ಯಾಗ ಹಿಂದ ಬೀಳ್ತಾನ" ಅಂತ ಬಂಧುಗಳು ಹೇಳಿದ ಒಂದು ಮಾತು ಸಾಕು. ನಮ್ಮ ಗುಂಪಿನಲ್ಲೇ, ಈ ಪುಟ ನಡೆಸುವವರಲ್ಲೇ, ಮನೆಯಲ್ಲಿ ಮಕ್ಕಳ ಜತೆ ಮರಾಠಿ ಆಡುವವರು ಇದ್ದೇವೆ. ಮನವಿಪತ್ರಕ್ಕೆ ಕನ್ನಡದಲ್ಲಿ ಸಹಿ ಹಾಕಿ, ಮನೆಗೆ ಬಂದು ಮಗಳನ್ನು "ಅಭ್ಯಾಸ್ ಝಾಲಾ ಕಾ?" ಅಂತ ಕೇಳುತ್ತೇವೆ. ಯಾರು ಅಂತ ಹೆಸರು ಬೇಡ. ಇದನ್ನು ಬರೆಯುತ್ತಿರುವ ಕೈಯೂ ಅದರಲ್ಲಿದೆ.

ಧಾಟಿ ಉಳಿಸಿ ಮಾತು ಬಿಟ್ಟ ಕತೆ ಐರ್ಲೆಂಡಿನಲ್ಲಿ ಇನ್ನೂ ಹಳೆಯದು. 1792ರಲ್ಲಿ ಬೆಲ್‌ಫಾಸ್ಟಿನಲ್ಲಿ ಹಾರ್ಪ್ ನುಡಿಸುವವರನ್ನು ಕೂಡಿಸಿ ಒಂದು ಸಮ್ಮೇಳನ ಮಾಡಿದರು. ಹಾರ್ಪ್ ಅಂದರೆ ನಿಲ್ಲಿಸಿ ಮೀಟುವ ಬಹುತಂತಿ ವಾದ್ಯ, ಆ ದೇಶದ ಲಾಂಛನವೂ ಅದೇ. ಹತ್ತು ಮಂದಿ ಐರಿಶ್ ವಾದಕರು ಬಂದರು, ಹಲವರು ಕುರುಡರು, ಒಬ್ಬ ಮುದುಕನಿಗೆ ತೊಂಬತ್ತು ದಾಟಿತ್ತು. ಅವರು ನುಡಿಸಿದ್ದನ್ನು ಬರೆದುಕೊಳ್ಳಲು ಎಡ್ವರ್ಡ್ ಬಂಟಿಂಗ್ ಎಂಬ ಹತ್ತೊಂಬತ್ತರ ಹುಡುಗನನ್ನು ಕೂರಿಸಿದರು. ಅವನು ಸ್ವರ ಬರೆದುಕೊಂಡ, ಹಾಡಿನ ಮಾತು ಬರೆದುಕೊಳ್ಳಲಿಲ್ಲ. ಮುಂದೆ 1802ರಲ್ಲಿ ಐರಿಶ್ ಬಲ್ಲ ಒಬ್ಬರನ್ನು ಊರೂರಿಗೆ ಕಳಿಸಿ ಮಾತುಗಳನ್ನೂ ಕೂಡಿಸಿದ್ದು ಉಂಟು. ಆದರೆ 1809ರ ಪುಸ್ತಕ ಅಚ್ಚಾದಾಗ ಧಾಟಿಯ ಕೆಳಗೆ ಕೂತದ್ದು ಇಂಗ್ಲಿಷ್ ಪದ್ಯ. ಬಂಟಿಂಗ್ ಮಾಡಿದ ಉಪಕಾರ ಸಣ್ಣದಲ್ಲ, ಅವನಿಲ್ಲದಿದ್ದರೆ ಆ ಸ್ವರಗಳೂ ಇರುತ್ತಿರಲಿಲ್ಲ. ಆದರೆ ಕೊಳ್ಳುವವರು ಯಾರು, ಪಿಯಾನೊ ಇಟ್ಟುಕೊಂಡ ಮನೆಗಳು ಯಾವುವು ಅಂತ ನೋಡಿದರೆ ಮಾತು ಯಾಕೆ ಹೊರಗೆ ಉಳಿಯಿತು ಅಂತ ತಿಳಿಯುತ್ತದೆ. ಧಾಟಿಯನ್ನು ಯಾರು ಬೇಕಾದರೂ ಮೆಚ್ಚಬಹುದು, ಅದಕ್ಕೆ ಏನೂ ಕಲಿಯಬೇಕಾಗಿಲ್ಲ. ಮಾತನ್ನು ಮೆಚ್ಚಬೇಕಾದರೆ ಆಡುವವರ ಹತ್ತಿರ ಹೋಗಿ ಕೂರಬೇಕು.

ಈಗ ನಮ್ಮ ಕೆಲಸದ ಮಾತೊಂದು. ಐರ್ಲೆಂಡ್ ಸ್ವತಂತ್ರ ಆಯ್ತು. 1937ರ ಸಂವಿಧಾನದಲ್ಲಿ ಐರಿಶ್ ಮೊದಲ ಅಧಿಕೃತ ಭಾಷೆ. ಶಾಲೆಯಲ್ಲಿ ಎಲ್ಲರೂ ಓದುತ್ತಾರೆ, ರಸ್ತೆಯ ಫಲಕದಲ್ಲಿ ಇದೆ, ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಗಳಲ್ಲೂ ಒಂದು. ನಾವು ಮನವಿಪತ್ರದಲ್ಲಿ ಬೇಡುವುದೆಲ್ಲ ಅವರಿಗೆ ಸಿಕ್ಕಿದೆ ಅನ್ನಿ. 2022ರ ಜನಗಣತಿಯಲ್ಲಿ ಐರಿಶ್ ಬರುತ್ತದೆ ಅಂದವರು 18,73,997 ಮಂದಿ. ಶಾಲೆಯ ಹೊರಗೆ ದಿನಾ ಐರಿಶ್ ಆಡುತ್ತೇವೆ ಅಂದವರು 71,968.

ಬ್ಯಾಂಕಿನ ಕೌಂಟರಿನಲ್ಲಿ ಕೂರುವವರಿಗೆ ಈ ಎರಡು ಅಂಕಿ ನೋಡಿದ ಕೂಡಲೇ ಅರ್ಥವಾಗುತ್ತದೆ. ಖಾತೆ ತೆರೆದವರು ಬೇರೆ, ವ್ಯವಹಾರ ಮಾಡುವವರು ಬೇರೆ. ಎರಡು ವರ್ಷ ಗಿರಾಕಿಯ ಕಡೆಯಿಂದ ಏನೂ ಹಾಕದೆ ತೆಗೆಯದೆ ಇದ್ದರೆ ಖಾತೆ ನಿಷ್ಕ್ರಿಯ ಆಗುತ್ತದೆ. ಹತ್ತು ವರ್ಷ ಆದರೆ ಆ ರೊಕ್ಕ ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗುತ್ತದೆ. ಕಳೆದು ಹೋಗುವುದಿಲ್ಲ, ಬಂದು ಕೇಳಿದರೆ ಕೊಡುತ್ತೇವೆ. ಆದರೆ ಕೇಳಬೇಕಾದವರು ಕಾಗದ ಪತ್ರ ಹಿಡಿದು ಬರಬೇಕು, ಗುರುತು ತೋರಿಸಬೇಕು. ಎಷ್ಟೋ ಸಲ ವಾರಸುದಾರರಿಗೆ ಅಂಥ ಖಾತೆ ಇತ್ತು ಅನ್ನುವುದೇ ಗೊತ್ತಿರುವುದಿಲ್ಲ. ಹದಿನೆಂಟು ಲಕ್ಷ ಚಿಲ್ಲರೆ ಖಾತೆ, ದಿನಾ ವ್ಯವಹಾರ ಎಪ್ಪತ್ತೆರಡು ಸಾವಿರಕ್ಕೂ ಕಡಿಮೆ. ಸಂವಿಧಾನ, ಕಾಯ್ದೆ, ಫಲಕ ಇವುಗಳಿಗಾಗಿ ಬಡಿದಾಡುವುದನ್ನು ನಾವು ಬಿಡುವುದಿಲ್ಲ, ಬಿಡಲೂಬಾರದು. ನಮ್ಮ ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣದ ಸೌಕರ್ಯ ಒದಗಿಸಬೇಕು ಅನ್ನುತ್ತದೆ, ಅದನ್ನು ಕೇಳುತ್ತಲೇ ಇರುತ್ತೇವೆ. ಆದರೆ ಅದೆಲ್ಲ ಖಾತೆ ತೆರೆಯುವ ಅರ್ಜಿ. ದಿನದ ಜಮಾ ಖರ್ಚು ನಡೆಯುವುದು ಮನೆಯಲ್ಲಿ.

ಹಾಗಾದರೆ ಆ ಪಿಟೀಲಿನ ಧಾಟಿಗಳು ಉಳಿದದ್ದು ಹೇಗೆ? ಯಾವ ಸಂವಿಧಾನವೂ ಅವನ್ನು ಕಾಯಲಿಲ್ಲ. ಕಾಯುವುದಿರಲಿ, 1935ರಲ್ಲಿ ಸಾರ್ವಜನಿಕ ಕುಣಿತಕ್ಕೆ ಪರವಾನಗಿ ಬೇಕು ಅಂತ ಕಾಯ್ದೆ ತಂದು, ಮನೆಮನೆಯ ಕುಣಿತಕ್ಕೂ ಕಲ್ಲು ಹಾಕಿದರು. ಉಳಿಸಿದವರು ಬೇರೆ. ಡೆನಿಸ್, ಜೂಲಿಯಾ ಇಬ್ಬರಿಗೂ ಒಬ್ಬರೇ ಗುರು, ಪಾಡ್ರಿಗ್ ಓ ಕೀಫ್. 1887ರಲ್ಲಿ ಹುಟ್ಟಿ 1963ರಲ್ಲಿ ತೀರಿಕೊಂಡವರು. ಮೊದಲು ಶಾಲೆಯ ಮೇಷ್ಟ್ರು, ಅಪ್ಪನ ಹುದ್ದೆ ಮಗನಿಗೆ ಬಂದದ್ದು. 1920ರ ಸುಮಾರಿಗೆ ಕೆಲಸ ಹೋಯಿತು. ಕುಡಿತ ಇತ್ತು, ಸಂಸಾರ ಇರಲಿಲ್ಲ. ಆಮೇಲೆ ಬದುಕಿಡೀ ಮೈಲಿಗಟ್ಟಲೆ ನಡೆದು ಮನೆಯಿಂದ ಮನೆಗೆ ಹೋಗಿ ಪಿಟೀಲು, ಅಕಾರ್ಡಿಯನ್ ಕಲಿಸಿದರು.

ಅವರು ಕಲಿಸಿದ ರೀತಿ ಕೇಳ್ರಿ. ಅವರಿಗೆ ಪಾಶ್ಚಾತ್ಯ ಸ್ವರಲಿಪಿ ಬರುತ್ತಿತ್ತು, ಆದರೆ ರೈತರ ಮಕ್ಕಳಿಗೆ ಅದು ಬಾರದು. ಅದಕ್ಕೇ ತಮ್ಮದೇ ಒಂದು ಲಿಪಿ ಮಾಡಿಕೊಂಡರು. ಪಟ್ಟಿಯಲ್ಲಿ ಗೆರೆ ಎಳೆಯುವುದು, ಗೆರೆಗಳ ನಡುವಿನ ನಾಲ್ಕು ಜಾಗ ಪಿಟೀಲಿನ ನಾಲ್ಕು ತಂತಿ. ಯಾವ ಜಾಗದಲ್ಲಿ ಯಾವ ಅಂಕಿಯೋ ಆ ತಂತಿಯ ಮೇಲೆ ಆ ಬೆರಳು. ಸೊನ್ನೆ ಅಂದರೆ ಬೆರಳಿಲ್ಲ, ಖಾಲಿ ತಂತಿ. ಧಾಟಿ ಬರೆದುಕೊಟ್ಟು, ನುಡಿಸಿ ತೋರಿಸಿ ಹೋಗುವುದು. ಮತ್ತೆ ಬಂದಾಗ ಕೇಳುವುದು. ಹಾಗೆ ಬರೆದುಕೊಟ್ಟ ಹಾಳೆಗಳನ್ನು ಶಿಷ್ಯರು ಎತ್ತಿಟ್ಟರು, ಅವು ಈಗಲೂ ಉಳಿದಿವೆ. ಅವರಿಗೆ ಸಂಘ ಇರಲಿಲ್ಲ, ಅನುದಾನ ಇರಲಿಲ್ಲ, ಸನ್ಮಾನ ಇರಲಿಲ್ಲ. ಶೇಮಸ್ ಎನಿಸ್ ಎಂಬ ಸಂಗ್ರಾಹಕರು 1940ರ ದಶಕದ ಕೊನೆಯಲ್ಲೂ 1952ರಲ್ಲೂ ಬಂದು ರೇಡಿಯೊಕ್ಕಾಗಿ ಧ್ವನಿಮುದ್ರಿಸಿಕೊಳ್ಳುವ ಹೊತ್ತಿಗೆ ಅವರು ಅರವತ್ತು ದಾಟಿದ ಮುದುಕ.

ಇದನ್ನು ಓದಿದ ರಾತ್ರಿ ನಮ್ಮ ಭಜನಿಯ ಪಟ್ಟಿ ನೆನಪಾಯಿತು. ನಮ್ಮ ಕಡೆ ಭಜನಿಗೆ ಹೋದವರಿಗೆ ಗೊತ್ತು. ಪದ ಕನ್ನಡ, ಅಕ್ಷರ ದೇವನಾಗರಿ. ಮರಾಠಿ ಶಾಲೆಯಲ್ಲಿ ಓದಿದ ಹುಡುಗರಿಗೆ ಕನ್ನಡ ಅಕ್ಷರ ಬಾರದು, ಅದಕ್ಕೆ ಹಿರಿಯರು ಹೇಳಿದ್ದನ್ನು ಬರುವ ಅಕ್ಷರದಲ್ಲೇ ಬರೆದುಕೊಂಡರು. ನಾವು ಎಷ್ಟೋ ವರ್ಷ ಇದನ್ನು ನೋಡಿ ಹಳಹಳಿಸುತ್ತಿದ್ದೆವು. ಈಗ ಅನ್ನಿಸುತ್ತದೆ, ಓ ಕೀಫರ ಅಂಕಿಗಳ ಹಾಗೆ ಇದೂ ಒಂದು ಕೈಗೆ ಸಿಕ್ಕ ಲಿಪಿ. ಅದು ಇಲ್ಲದಿದ್ದರೆ ಆ ಪದಗಳು ಹಿರಿಯರ ಜತೆಗೇ ಮಣ್ಣಿಗೆ ಹೋಗುತ್ತಿದ್ದವು. ಬರೆದ ಹುಡುಗರ ಕೈಗೆ ಮೊದಲು ಶರಣು.

ಆದರೆ ಓ ಕೀಫರ ಅಂಕಿ ಧಾಟಿಯನ್ನು ಕೆಡಿಸಲಿಲ್ಲ. ದೇವನಾಗರಿ ನಮ್ಮ ಮಾತನ್ನು ಕೆಡಿಸುತ್ತದೆ, ಯಾಕಂದರೆ ಮರಾಠಿಯಲ್ಲಿ ಬರೆಯುವಾಗ ಎ-ಏ ಬೇರೆ ಇಲ್ಲ, ಒ-ಓ ಬೇರೆ ಇಲ್ಲ. ಒಲೆ ಅಂದರೂ ಓಲೆ ಅಂದರೂ ಒಂದೇ ಬರಹ. ಕೊಡು ಅಂತ ಬೇಡಿಕೊಂಡದ್ದೋ, ಕೋಡು ಅಂತ ಎತ್ತಿನದೋ, ಪಟ್ಟಿ ನೋಡಿದರೆ ತಿಳಿಯದು. ಹೇಳಿಕೊಟ್ಟ ಅಜ್ಜ ಇರುವವರೆಗೆ ನಡೆಯುತ್ತದೆ. ಅಜ್ಜ ಹೋದ ಮೇಲೆ ಹುಡುಗ ಪಟ್ಟಿ ನೋಡಿ ಹಾಡುತ್ತಾನೆ, ಅವನ ಮಗ ಕೇಳಿ ಹಾಡುತ್ತಾನೆ, ಒಂದು ತಲೆಮಾರಿನೊಳಗೆ ಅದು ಬರೀ ಸದ್ದು. ಐರ್ಲೆಂಡಿನಲ್ಲೂ ಇದೇ ಆಯ್ತು. ಕ್ಯಾರೊಲನ್ ಎಂಬ ಕುರುಡ ಹಾರ್ಪ್ ವಾದಕ, 1670ರಲ್ಲಿ ಹುಟ್ಟಿದವನು, ಮೊದಲು ಕಟ್ಟಿದ್ದು ಅನ್ನುವ ಪದವೊಂದಿದೆ. ಪುಟ್ಟ ಯಕ್ಷಗುಡ್ಡ, ದೊಡ್ಡ ಯಕ್ಷಗುಡ್ಡ ಇವೆರಡರ ನಡುವಿನ ಕಾಳಗದ ಕತೆ ಅದು. ಈಗ ಜಗತ್ತಿನೆಲ್ಲೆಡೆ ಗಿಟಾರ್ ಕಲಿಯುವವರು ಅದನ್ನು 'ಶೀಬೆಗ್ ಶೀಮೋರ್' ಅಂತ ಇಂಗ್ಲಿಷ್ ಕಾಗುಣಿತದಲ್ಲಿ ಬರೆದುಕೊಂಡು ಇಂಪಾಗಿ ನುಡಿಸುತ್ತಾರೆ. ಅದು ಗುಡ್ಡದ ಹೆಸರೋ ಹೆಣ್ಣಿನ ಹೆಸರೋ ಎಷ್ಟೋ ಮಂದಿಗೆ ಗೊತ್ತಿಲ್ಲ. ಕಾಳಗ ಅಂತೂ ಯಾರಿಗೂ ಬೇಕಾಗಿಲ್ಲ.

ಅದಕ್ಕೇ ನಮ್ಮ ಅಭಿಪ್ರಾಯ ಇದು: ಗೆಳೆಯ ಐರ್ಲೆಂಡಿನಿಂದ ತಪ್ಪು ಪಾಠ ತಂದ. ಧಾಟಿ ಉಳಿದರೆ ಸಾಕು ಅನ್ನುವುದಲ್ಲ ಅಲ್ಲಿನ ಪಾಠ. ಧಾಟಿಗೆ ಒಬ್ಬ ಮೇಷ್ಟ್ರು ಮನೆಮನೆ ನಡೆದ, ಅದಕ್ಕೆ ಅದು ಉಳಿಯಿತು. ಮಾತಿಗೆ ಹಾಗೆ ನಡೆದವರು ಆ ಸೀಮೆಯಲ್ಲಿ ಸಾಕಾಗಲಿಲ್ಲ. ಪಾಠ ಇರುವುದು ಆ ನಡಿಗೆಯಲ್ಲಿ.

ಮಾತಿಗೂ ನಡೆದವರು ಅಲ್ಲಿ ಇಲ್ಲದಿಲ್ಲ, ಅದನ್ನೂ ಹೇಳಬೇಕು. ಶಾನ್ ಓ ರಿಯಾಡ ಎಂಬ ದೊಡ್ಡ ಸಂಗೀತಗಾರ 1960ರ ದಶಕದಲ್ಲಿ ಡಬ್ಲಿನ್ ಬಿಟ್ಟು, ಇನ್ನೂ ಐರಿಶ್ ಆಡುತ್ತಿದ್ದ ಕೂಲ್ ಇ ಎಂಬ ಹಳ್ಳಿಗೆ ಮನೆ ಮಾಡಿಕೊಂಡು ಹೋದರು. ಸ್ಲೀವ್ ಲೂಖ್ರದಿಂದ ಬಹಳ ದೂರವಿಲ್ಲ ಅದು. ಊರ ಗಂಡಸರನ್ನು ಕೂಡಿಸಿ ಐರಿಶ್‌ನಲ್ಲೇ ಹಾಡುವ ಮೇಳ ಕಟ್ಟಿದರು, ಇಗರ್ಜಿಯ ಪೂಜೆಗೂ ಐರಿಶ್ ಪದಕ್ಕೆ ರಾಗ ಹಾಕಿದರು. ಅವರು 1971ರಲ್ಲಿ ತೀರಿಕೊಂಡರು, ಮೇಳವನ್ನು ಮಗ ಮುಂದುವರಿಸಿದರು. ಪಶ್ಚಿಮದ ಕಾನೆಮಾರಾ ಎಂಬ ಸೀಮೆಯಲ್ಲಿ ನಿಮ್ಮ ವಯಸ್ಸಿನ ಹುಡುಗರು 1969ರಲ್ಲಿ ಚಳವಳಿ ಹೂಡಿದರು. ಸರಕಾರ ಐರಿಶ್ ರೇಡಿಯೊ ಕೊಡುವುದಿಲ್ಲವೇ, ನಾವೇ ಮಾಡುತ್ತೇವೆ ಅಂತ 1970ರ ಈಸ್ಟರ್ ಹೊತ್ತಿಗೆ ಪರವಾನಗಿ ಇಲ್ಲದ ಒಂದು ಪುಟ್ಟ ಕೇಂದ್ರ ಹಚ್ಚಿ ಕೆಲವು ದಿನ ಪ್ರಸಾರ ಮಾಡಿದರು. 1972ರಲ್ಲಿ ಸರಕಾರಿ ಐರಿಶ್ ರೇಡಿಯೊ ಶುರುವಾಯಿತು, ಇವತ್ತಿಗೂ ಇದೆ. ನಮಗೆ ಕೇಂದ್ರ ಹಚ್ಚುವ ಖರ್ಚೂ ಇಲ್ಲ. ಎಲ್ಲರ ಕಿಸೆಯಲ್ಲಿ ಫೋನ್ ಇದೆ.

ಆಲ್ಬಮ್ ಈಗಲೂ ಕೇಳುತ್ತೇವೆ. ಬೇಸರ ಬಂದಿಲ್ಲ, ಬದಲಿಗೆ ಪ್ರೀತಿ ಹೆಚ್ಚಾಗಿದೆ. ಆ ಅಣ್ಣ ತಂಗಿ ತಮಗೆ ಸಿಕ್ಕದ್ದನ್ನು ಒಂದು ಎಳೆ ಬಿಡದೆ ಕೊಟ್ಟು ಹೋದರು, ಅವರಿಗೆ ಸಿಗದಿದ್ದಕ್ಕೆ ಅವರು ಹೊಣೆಯಲ್ಲ. ನೀವೂ ಕೇಳ್ರಿ. ಬಸ್ಸಿನಲ್ಲಿ ಕೇಳ್ರಿ, ಕಾಲು ಕುಣಿಸ್ರಿ.

ಗೆಳೆಯನ ಜತೆ ಹೋದ ವಾರ ಮತ್ತೆ ಕೂತೆವು. ಅವನು ಪೂರ್ತಿ ಒಪ್ಪಿಲ್ಲ. "ಮೂರು ಹುಡುಗರಿಗೆ ಎಷ್ಟು ದಿನಾ ಕಲಸ್ತೀರಿ?" ಅಂದ. ಪ್ರಶ್ನೆ ಸುಳ್ಳಲ್ಲ. ಕೊನೆಗೆ ಆದದ್ದು ಇಷ್ಟು. ಢೋಲಕಿ ಒಂದು ತಗೊಂಡೆವು, ಕೀಬೋರ್ಡ್ ಸದ್ಯಕ್ಕೆ ಬೇಡ. ಭಾನುವಾರದ ತರಗತಿ ಮುಚ್ಚಿ ಅದನ್ನು ಸೋಮವಾರ ಭಜನಿಗೇ ಸೇರಿಸಿದೆವು, ಹುಡುಗರು ಇರುವ ಕಡೆ ನಾವು ಹೋಗಬೇಕಲ್ಲ. ಒಂದು ರಾತ್ರಿಗೆ ಒಂದೇ ಪದ. ಮೊದಲು ಹಿರಿಯರೊಬ್ಬರು ಹೇಳುತ್ತಾರೆ, ಫೋನಿನಲ್ಲಿ ರೆಕಾರ್ಡ್ ಆಗುತ್ತದೆ. ಆಮೇಲೆ ದೇವನಾಗರಿ ಪಟ್ಟಿಯ ಎದುರ ಪುಟದಲ್ಲಿ ಅದೇ ಪದವನ್ನು ಕನ್ನಡ ಅಕ್ಷರದಲ್ಲಿ ಎಲ್ಲರೂ ಬರೆಯುವುದು. ಅರ್ಥ ಗೊತ್ತಿಲ್ಲದ ಮಾತಿಗೆ ಗೆರೆ ಎಳೆದು ಮನೆಗೆ ಒಯ್ದು ಅಜ್ಜಿಯನ್ನು ಕೇಳಿ ಬರುವುದು. ಮೊದಲ ಸೋಮವಾರ ಒಂದು ಪದದಲ್ಲಿ ಹದಿನೇಳು ಗೆರೆ ಬಿದ್ದವು. ಮುಂದಿನ ವಾರ ಹನ್ನೊಂದಕ್ಕೆ ಅರ್ಥ ಸಿಕ್ಕಿತು, ಆರು ಇನ್ನೂ ಉಳಿದಿವೆ. ಆ ಆರರ ಪಟ್ಟಿಯನ್ನು ನಾಳೆ ಇದೇ ಪುಟದಲ್ಲಿ ಹಾಕುತ್ತೇವೆ. ಜತ್ತಿನವರು, ತಾಳವಾಡಿಯವರು, ಮಡಕಶಿರದವರು, ಕಾಸರಗೋಡಿನವರು ನಿಮ್ಮ ಮನೆಯ ಹಿರಿಯರನ್ನು ಒಂದು ಸಲ ಕೇಳಿ ನೋಡ್ರಿ.